ಸಂಜೆ ಬಂದ ಮೀನು, ರಾತ್ರಿಯ ಮೆನು

ಜೂನ್-ಜುಲೈ ಬಂತೆಂದರೆ ನಮ್ಮ ಕಡಲಲ್ಲಿ ಮೀನುಗಾರಿಕೆಗೆ ನಿಷೇಧ. ಆದರೂ ನಮ್ಮ ಮೆನು ಕಾರ್ಡಿನಲ್ಲಿ 'ತಾಜಾ ಅಂಜಲ್ ಫ್ರೈ' ಇದ್ದೇ ಇರುತ್ತದೆ. ಹಿಂದೊಂದು ಮಳೆಗಾಲ ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಒಂದು ತುಂಡು ಬಾಯಿಗಿಟ್ಟು ತಟ್ಟೆ ಸರಿಸಿದರು. "ಐಸ್ ಮೀನು ಅಂತ ಮೊದಲೇ ಹೇಳಬಹುದಿತ್ತಲ್ಲ ಶೆಟ್ರೇ" ಎಂದರು. ಮತ್ತೆ ಬರಲಿಲ್ಲ.

ಈ ಮಾತು ನಮಗೆ ಪುನಃ ನೆನಪಾದದ್ದು ಸ್ಪೇನ್ ದೇಶದ ಪಲಮೋಸ್ ಎಂಬ ಊರಿನಲ್ಲಿ. 2019ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಓದುತ್ತಿದ್ದ ಮಗನಲ್ಲಿಗೆ ಹೋಗಿದ್ದ ನಾವು ದಂಪತಿ, ಬಸ್ಸು ಹತ್ತಿ ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋದೆವು. ಮೆಡಿಟರೇನಿಯನ್ ಸಮುದ್ರದ ಬದಿಯ ಈ ಬಂದರು ಊರು 1279ರಲ್ಲಿ ಸ್ಥಾಪನೆಯಾದದ್ದು. ಬೆಳಿಗ್ಗೆ ನೋಡಿದರೆ ಧಕ್ಕೆ ಖಾಲಿ, ದೋಣಿಗಳೆಲ್ಲ ಕಡಲಿಗೆ ಹೋಗಿದ್ದವು. ಅಲ್ಲೇ ಇರುವ ಮೀನುಗಾರಿಕೆಯ ಮ್ಯೂಸಿಯಂ ನೋಡಿ ಹೊತ್ತು ಕಳೆದೆವು.

ಸಾಯಂಕಾಲ ದೋಣಿಗಳು ಬಂದವು. ಇಲ್ಲಿನ ಹೆಸರುವಾಸಿ ಮಾಲು ಕೆಂಪು ಸಿಗಡಿ. ನಮ್ಮ ಸಿಗಡಿ ಬೆಂದ ಮೇಲೆ ಕೆಂಪಾದರೆ ಇದು ಹಸಿಯಾಗಿರುವಾಗಲೇ ಕೆಂಪು. ನೂರಾರು ಮೀಟರ್ ಆಳದಿಂದ ಬಲೆ ಎಳೆದು ತರುತ್ತಾರೆ. ಹರಾಜು ನೋಡಿ ನಮಗೆ ಆಶ್ಚರ್ಯವಾಯಿತು. ನಮ್ಮ ಸಸೂನ್ ಡಾಕಿನಲ್ಲಿ ಕೂಗಿ ಕೂಗಿ ದರ ಏರಿಸುತ್ತಾರಲ್ಲವೇ? ಇಲ್ಲಿ ಪರದೆಯ ಮೇಲೆ ದರ ಮೇಲಿನಿಂದ ಇಳಿಯುತ್ತಾ ಬರುತ್ತದೆ. ಬೇಕಾದವನು ಕೈಯಲ್ಲಿರುವ ಗುಂಡಿ ಒತ್ತಿದರೆ ಪೆಟ್ಟಿಗೆ ಅವನದು. ಅವಸರ ಮಾಡಿದರೆ ದುಬಾರಿ, ತಡ ಮಾಡಿದರೆ ಮಾಲೇ ಇಲ್ಲ. ಗಲಾಟೆ ಎಂಬುದಿಲ್ಲ. "ಇದೇನು ಪರೀಕ್ಷೆ ಹಾಲೋ?" ಎಂದು ನಮ್ಮ ಮನೆಯವರು ಕೇಳಿದರು.

ಸಿಗಡಿ ಕಡಿಮೆಯಾದೀತೆಂದು ಇಲ್ಲಿನ ಮೀನುಗಾರರ ಸಂಘವೇ ವಿಜ್ಞಾನಿಗಳೊಂದಿಗೆ ಕುಳಿತು ಯೋಜನೆ ಮಾಡಿ, 2013ರಲ್ಲಿ ಅದು ಕಾನೂನಾಯಿತು. ಚಳಿಗಾಲದಲ್ಲಿ ಎರಡು ತಿಂಗಳು ಸಿಗಡಿ ಹಿಡಿಯುವಂತಿಲ್ಲ. ಮರಿಗಳು ತಪ್ಪಿಸಿಕೊಳ್ಳಲೆಂದು ಬಲೆಯ ಕಣ್ಣನ್ನು 40 ಮಿಲಿಮೀಟರಿನಿಂದ 50ಕ್ಕೆ ಹೆಚ್ಚಿಸಿದರು. ಸಂಪಾದನೆಯ ಮಾಲನ್ನು ತಾವೇ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ರಾತ್ರಿ ಊಟಕ್ಕೆ ಕುಳಿತೆವು. ದೋಸೆಕಲ್ಲಿನಂಥ ಕಾದ ಹಂಚಿನ ಮೇಲೆ ಸಿಗಡಿ ಇಟ್ಟು ಕಲ್ಲುಪ್ಪು ಉದುರಿಸಿ, ಎರಡೂ ಬದಿ ಒಂದೆರಡು ನಿಮಿಷ, ಅಷ್ಟೇ. ಮಸಾಲೆಯೇ ಇಲ್ಲ. ತಲೆಯ ರಸವನ್ನು ಹೀರಬೇಕು, ರುಚಿಯೆಲ್ಲ ಅಲ್ಲಿದೆ. ಬೆಲೆ ನೋಡಿ ಎದೆ ಧಸಕ್ಕೆಂದಿತು ಬಿಡಿ. ನಮಗೆ ಹೆಚ್ಚು ಹಿಡಿಸಿದ್ದು 'ಸುಕೆಟ್' ಎಂಬ ಸಾರು. ದೋಣಿಯವರು ಮಾರಾಟವಾಗದ ಮೀನಿಗೆ ಆಲೂಗಡ್ಡೆ, ಟೊಮೆಟೊ, ಬೆಳ್ಳುಳ್ಳಿ ಹಾಕಿ ಮಾಡಿಕೊಳ್ಳುತ್ತಿದ್ದ ಅಡುಗೆ. ನಾವು ತೆಂಗಿನಕಾಯಿ ಅರೆದು ಹಾಕುವಂತೆ ಅವರು ಬಾದಾಮಿ ಅರೆದು ಹಾಕುತ್ತಾರೆ. ಬಡವರ ಈ ಸಾರು ಈಗ ದೊಡ್ಡ ಹೋಟೇಲುಗಳ ಮೆನುವಿನಲ್ಲಿದೆ.

ಇನ್ನೊಂದು ಮೀನು ಕೇಳಿದೆವು. ಮಾಲೀಕರು ನಗುತ್ತಾ, "ಇವತ್ತು ಬರಲಿಲ್ಲ" ಎಂದು ಗೋಡೆಯ ಹಲಗೆ ತೋರಿಸಿದರು. ಅಂದಿನ ಮೀನುಗಳ ಹೆಸರು ಸೀಮೆಸುಣ್ಣದಲ್ಲಿ ಬರೆದಿತ್ತು. ಆ ಎರಡು ಶಬ್ದ ಹೇಳುವ ಧೈರ್ಯ ನಮಗೆ ಯಾಕೆ ಇರಲಿಲ್ಲ?

ಊರಿಗೆ ಬಂದು ನಾವೂ ಒಂದು ಕಪ್ಪು ಹಲಗೆ ತಂದೆವು. ಆ ಜುಲೈಯಲ್ಲಿ ಅಂಜಲ್ ಬರೆಯಲಿಲ್ಲ. ಒಣ ಸಿಗಡಿ ಚಟ್ನಿ, ಮೊಟ್ಟೆ ಗಸಿ ಬರೆದೆವು. ಗಲ್ಲಾ ಇಳಿದದ್ದು ನಿಜ. ಚಟ್ನಿ ಮಾತ್ರ ಮಧ್ಯಾಹ್ನ ಎರಡು ಗಂಟೆಗೇ ಖಾಲಿಯಾಗುತ್ತಿತ್ತು.