ಕುಡಿದ ಮರುದಿನದ ತಲೆಭಾರಕ್ಕೆ ಮದ್ದುಂಟೇ?

ಮೇ ತಿಂಗಳ ಮದುವೆಗಳು ಮುಗಿಯುವ ಹೊತ್ತಿಗೆ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಸುರುವಾಗುತ್ತದೆ. ರಾತ್ರಿ ಮದುವೆ ಮನೆಯಲ್ಲಿ ಕುಡಿದು, ಬೆಳಿಗ್ಗೆ ಒಂದು ಲೋಟ ಹುಳಿ ಮಜ್ಜಿಗೆ ಏರಿಸಿ, ಅದೇ ಧೈರ್ಯದಲ್ಲಿ ಮರ ಹತ್ತುವವರು ನಮ್ಮಲ್ಲಿ ಇದ್ದಾರೆ. ಆ ಧೈರ್ಯಕ್ಕೆ ಆಧಾರವುಂಟೇ ಎಂದು ಈ ಸಲ ನೋಡೋಣ.

ಮೂವತ್ತು ಮಿ.ಲೀ.ಯ ಒಂದು ಪೆಗ್ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. ಅದನ್ನು ಕರಗಿಸಲು ಪಿತ್ತಜನಕಾಂಗಕ್ಕೆ ಒಂದು ಗಂಟೆಯಾದರೂ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆರು ಪೆಗ್ ಕುಡಿದು ಹನ್ನೊಂದು ಗಂಟೆಗೆ ಮಲಗಿದವನ ರಕ್ತದಲ್ಲಿ ಬೆಳಗಿನ ಜಾವಕ್ಕೂ ಮದ್ಯ ಉಳಿದಿರಬಹುದು. ಈ ವೇಗವನ್ನು ಕಾಫಿಯಾಗಲಿ, ತಣ್ಣೀರ ಸ್ನಾನವಾಗಲಿ, ಲಿಂಬೆ ರಸವಾಗಲಿ ಹೆಚ್ಚಿಸುವುದಿಲ್ಲ. ವಿಚಿತ್ರವೆಂದರೆ ತಲೆಭಾರ, ವಾಕರಿಕೆ, ಕೈನಡುಕ ಅತಿ ಹೆಚ್ಚಾಗುವುದು ರಕ್ತದಲ್ಲಿನ ಮದ್ಯ ಮುಗಿಯುತ್ತ ಬಂದಾಗ. ಬೆಳಿಗ್ಗೆ ಮತ್ತೊಂದು ಕುಪ್ಪಿ ಕಳ್ಳು ಕುಡಿದರೆ ಹಾಯೆನಿಸುವುದು ಅದಕ್ಕೇ. ಕಷ್ಟ ಮಧ್ಯಾಹ್ನಕ್ಕೆ ಮುಂದೆ ಹೋಯಿತು, ಅಷ್ಟೆ. ಚಟ ಹತ್ತುವ ದಾರಿಯೂ ಇದೇ.

ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆ 2005ರಲ್ಲಿ ಅದುವರೆಗಿನ ಪ್ರಯೋಗಗಳ ಪರಿಶೀಲನೆಯನ್ನು ಪ್ರಕಟಿಸಿತು. ಇದನ್ನು ತಡೆಯುವ ಅಥವಾ ಗುಣಪಡಿಸುವ ಮದ್ದು ಇದೆ ಎನ್ನಲು ನಂಬತಕ್ಕ ಪುರಾವೆ ಸಿಗಲಿಲ್ಲ. 2022ರಲ್ಲಿ 21 ಪ್ರಯೋಗಗಳನ್ನು ನೋಡಿದ ಇನ್ನೊಂದು ಪರಿಶೀಲನೆಯೂ ಬಹುಮಟ್ಟಿಗೆ ಅದನ್ನೇ ಹೇಳಿತು. ಹಾಗೆಂದು ಬೊಂಡ, ಗಂಜಿ ತಿಳಿ, ಮಜ್ಜಿಗೆ ಬೇಡವೆಂದಲ್ಲ. ಮದ್ಯದಿಂದ ಮೂತ್ರ ಹೆಚ್ಚಾಗಿ ದೇಹ ಒಣಗಿರುತ್ತದೆ, ಬಾಯಾರಿಕೆಗೆ ಇವು ಒಳ್ಳೆಯವೇ. ಊಟ ಮಾಡಿ ಕುಡಿದರೆ ಮದ್ಯ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ ಎಂಬುದೂ ನಿಜ. ಆದರೆ ಹೊಟ್ಟೆ ತುಂಬಿದೆ ಎಂದು ಎರಡು ಪೆಗ್ ಹೆಚ್ಚು ಹಾಕಿದರೆ ಲೆಕ್ಕ ಅಲ್ಲಿಗೇ ಬಂತು.

ಮಾತ್ರೆಯ ವಿಷಯದಲ್ಲಿ ಎಚ್ಚರ. ಆಸ್ಪಿರಿನ್, ಐಬುಪ್ರೊಫೆನ್ ಮೊದಲೇ ಕೆರಳಿದ ಜಠರದಲ್ಲಿ ರಕ್ತಸ್ರಾವ ಮಾಡಿಸಬಹುದು. ದಿನಾ ಕುಡಿಯುವವರು ಪ್ಯಾರಾಸಿಟಮಾಲನ್ನು ಹೆಚ್ಚು ತೆಗೆದುಕೊಂಡರೆ ಪಿತ್ತಜನಕಾಂಗಕ್ಕೇ ಪೆಟ್ಟು.

ಇನ್ನು ತೋಟದ ಮಾತು. ತಲೆಭಾರದ ದಿನ ಗಮನ, ಕೈಕಾಲಿನ ಹಿಡಿತ ಎರಡೂ ಕಡಿಮೆ. ಮಳೆಗೆ ಪಾಚಿಗಟ್ಟಿದ ಅಡಿಕೆ ಮರ ಒಂದು ಜಾರುವಿಕೆಯನ್ನೂ ಕ್ಷಮಿಸುವುದಿಲ್ಲ. ಬೋರ್ಡೋ ಒಂದು ದಿನ ತಡವಾದರೆ ತೋಟ ಮುಳುಗದು. ಕೆಲಸದವರನ್ನು ಕರೆಸುವ ಯಜಮಾನರೂ ಇದನ್ನು ನೋಡಬೇಕು, ಕೂಲಿಯ ಜೊತೆ ಬಾಟ್ಲಿ ಕೊಡುವ ಕ್ರಮವಂತೂ ನಮಗೆ ಸರಿಕಾಣುವುದಿಲ್ಲ. ತರಕಾರಿಗೆ, ಗದ್ದೆಗೆ ಕೀಟನಾಶಕ ಹೊಡೆಯುವ ದಿನ ಇನ್ನೊಂದು ಅಪಾಯವಿದೆ. ಆರ್ಗನೋಫಾಸ್ಫರಸ್ ವರ್ಗದ ವಿಷ ಏರಿದರೂ ತಲೆನೋವು, ವಾಂತಿ, ಬೆವರು ಬರುತ್ತದೆ. "ನಿನ್ನೆಯದ್ದು ಇಳಿದಿಲ್ಲ" ಎಂದು ಮಲಗಿಸಿಬಿಟ್ಟರೆ ಜೀವ ಹೋಗಬಹುದು. ಜೊಲ್ಲು ಸುರಿದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ, ಉಸಿರು ಕಟ್ಟಿದರೆ ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನು ನೀರಲ್ಲಿ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಕಳ್ಳಭಟ್ಟಿ ಕುಡಿದವನಿಗೆ ಮರುದಿನ ಕಣ್ಣು ಮಂಜಾದರೆ ಅದೂ ತಲೆಭಾರವಲ್ಲ, ಮೆಥನಾಲ್ ವಿಷ. ಲಕ್ಷಣ ಕಾಣಲು ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ತಮಿಳುನಾಡಿನ ಕಳ್ಳಕುರಿಚಿಯಲ್ಲಿ 2024ರ ಜೂನಿನಲ್ಲಿ ಇಂಥ ಸಾರಾಯಿಯಿಂದ 60ಕ್ಕೂ ಹೆಚ್ಚು ಮಂದಿ ಸತ್ತರು. ಇದಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷ, ಡಯಾಲಿಸಿಸ್ ಇವೆ. ಮಜ್ಜಿಗೆ ಕೊಡುತ್ತ ಕೂರದೆ ಕೂಡಲೇ ಹೊರಡಬೇಕು, ಜೊತೆಗೆ ಕುಡಿದವರನ್ನೂ ಕರೆದುಕೊಂಡು.