ಹಡಗಿನ ಪಟ್ಟಿ ಆಮೇಲೆ ನೋಡೋಣ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರ ಬೀಗರು ಪೆನ್ಸಿಲ್ವೇನಿಯಾದ ಹಳೆಯ ಜರ್ಮನ್ ಮನೆತನದವರು. ಮೊಮ್ಮಕ್ಕಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯಲು ಕೂತವರು ನಮ್ಮ ಕಡೆಯದನ್ನು ಹೇಗೋ ಮುಗಿಸುತ್ತಾರೆ. ಬೀಗರ ಕಡೆಗೆ ಬಂದಾಗ ಮಾತ್ರ ಬಹುತೇಕ ಎಲ್ಲರೂ ಮಾಡುವುದು ಒಂದೇ ತಪ್ಪು. ಕಂಪ್ಯೂಟರಿನಲ್ಲಿ ಹೆಸರು ಹೊಡೆಯುತ್ತಾರೆ, ಯಾವುದೋ ಹಡಗಿನ ಪಟ್ಟಿಯಲ್ಲಿ ಅದೇ ಹೆಸರು ಕಾಣುತ್ತದೆ, ಮೂಲಪುರುಷ ಸಿಕ್ಕಿಬಿಟ್ಟ ಎಂದು ಬರೆದುಕೊಳ್ಳುತ್ತಾರೆ. ಯಾರದೋ ಮುತ್ತಜ್ಜ ಇವರ ಮುತ್ತಜ್ಜನಾಗುತ್ತಾನೆ.

ಹಿನ್ನೆಲೆ ಇಷ್ಟು ಸಾಕು: 1683ರಲ್ಲಿ ಫಿಲಡೆಲ್ಫಿಯಾದ ಪಕ್ಕ ಜರ್ಮನ್‌ಟೌನ್ ಎಂಬ ವಲಸಿಗರ ಊರು ಹುಟ್ಟಿತು. 1710ರಲ್ಲಿ ಜರ್ಮನರ ದೊಡ್ಡ ತಂಡವೊಂದು ಲಂಡನ್ ಮೂಲಕ ನ್ಯೂಯಾರ್ಕಿಗೆ ಬಂತು. ಆಮೇಲಿನವರಲ್ಲಿ ಹೆಚ್ಚಿನವರು ರೈನ್ ನದಿಯುದ್ದಕ್ಕೂ ಇಳಿದು ರಾಟರ್‌ಡ್ಯಾಮಿನಲ್ಲಿ ಹಡಗು ಹತ್ತಿ, ಇಂಗ್ಲೆಂಡಿನ ಬಂದರೊಂದನ್ನು ಮುಟ್ಟಿ, ಫಿಲಡೆಲ್ಫಿಯಾದಲ್ಲಿ ಇಳಿದರು. 1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿ ಈ ಓಡಾಟ ನಿಂತಿತು.

1. ಇಂದಿನಿಂದ ಹಿಂದಕ್ಕೆ ಹೋಗಿ

ಒಂದೊಂದು ತಲೆಮಾರಿಗೂ ಒಂದು ದಾಖಲೆ ಬೇಕು. ಮನೆಯವರೆಲ್ಲರ ಹೆಸರಿರುವ ಅಮೆರಿಕದ ಜನಗಣತಿ 1850ರಿಂದ ಮಾತ್ರ ಸಿಗುತ್ತದೆ. 1790ರಿಂದ 1840ರವರೆಗಿನವುಗಳಲ್ಲಿ ಇರುವುದು ಮನೆಯ ಯಜಮಾನನ ಹೆಸರಷ್ಟೇ. ಆದ್ದರಿಂದ ಅದಕ್ಕೂ ಹಿಂದೆ ಉಯಿಲು, ಕ್ರಯಪತ್ರ, ತೆರಿಗೆ ಪಟ್ಟಿ, ಚರ್ಚಿನ ಪುಸ್ತಕಗಳೇ ಗತಿ. ಅಂತರ್ಜಾಲದಲ್ಲಿ ಬೇರೆಯವರು ಹಾಕಿದ ವಂಶವೃಕ್ಷವನ್ನು ನಕಲು ಮಾಡಬೇಡಿ. ಒಬ್ಬರ ತಪ್ಪನ್ನು ನೂರು ಜನ ನಕಲು ಮಾಡಿದರೂ ಅದು ತಪ್ಪೇ.

2. ಕೌಂಟಿ ಯಾವಾಗ ಹುಟ್ಟಿತು ನೋಡಿ

ಬರ್ಕ್ಸ್ ಕೌಂಟಿ ಹುಟ್ಟಿದ್ದು 1752ರಲ್ಲಿ. 1745ರಲ್ಲಿ ತೀರಿಕೊಂಡವನ ಉಯಿಲನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನ ಜಮೀನು ಎಲ್ಲಿತ್ತು ಎಂಬುದರ ಮೇಲೆ ಅದು ಫಿಲಡೆಲ್ಫಿಯಾ, ಲ್ಯಾಂಕಾಸ್ಟರ್ ಅಥವಾ ಚೆಸ್ಟರ್ ಕೌಂಟಿಯಲ್ಲಿರುತ್ತದೆ. ಲ್ಯಾಂಕಾಸ್ಟರ್ ಕೂಡ 1729ಕ್ಕೆ ಮೊದಲು ಚೆಸ್ಟರಿನ ಭಾಗವೇ. ಉಯಿಲು ಬರೆಯದೆ ಸತ್ತವನಾದರೆ ಅನಾಥರ ನ್ಯಾಯಾಲಯದ ಕಡತ ತೆಗೆಸಿ. ಜಮೀನು ಹಂಚುವಾಗ ಹೆಂಡತಿ, ಮಕ್ಕಳು, ಅಳಿಯಂದಿರ ಹೆಸರುಗಳು ಅಲ್ಲಿ ಬಂದಿರುತ್ತವೆ.

3. ದೀಕ್ಷಾಸ್ನಾನದ ಸಾಕ್ಷಿಗಳನ್ನು ಬರೆದುಕೊಳ್ಳಿ

ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆ ತಾಯಿ, ತಾರೀಕು, ಕೊನೆಯಲ್ಲಿ ಸಾಕ್ಷಿಗಳ ಹೆಸರು ಇರುತ್ತದೆ. ನೀವು ಬಿಟ್ಟುಬಿಡುವುದು ಆ ಕೊನೆಯ ಕಾಲಮನ್ನೇ. ಸಾಕ್ಷಿ ನಿಂತವರು ಸಾಮಾನ್ಯವಾಗಿ ಅಣ್ಣನೋ ನಾದಿನಿಯೋ ಹುಟ್ಟೂರಿನ ನೆರೆಯವನೋ ಆಗಿರುತ್ತಾರೆ. ಮುಂದೆ ಊರು ಪತ್ತೆಯಾಗುವುದು ಇವರಿಂದಲೇ. ಊರ ಚರ್ಚಿನಲ್ಲಿ ಸಿಗದಿದ್ದರೆ ಪಾದ್ರಿಯ ಸ್ವಂತ ಪುಸ್ತಕ ನೋಡಿ. ಯೋಹಾನ್ ಕಾಸ್ಪರ್ ಸ್ಟೋವರ್‌ನಂಥವರು ಕುದುರೆ ಮೇಲೆ ಊರೂರು ಸುತ್ತಿ ದೀಕ್ಷೆ ಕೊಟ್ಟು ತಮ್ಮದೇ ಪುಸ್ತಕದಲ್ಲಿ ಬರೆದಿಟ್ಟರು. ಮೆನೊನೈಟರಲ್ಲಿ ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ.

4. ಯೋಹಾನ್ ಎಂಬ ಬಲೆ

ಇದನ್ನು ನಿಧಾನವಾಗಿ ಓದಿ. ಜರ್ಮನ್ ಮಗುವಿಗೆ ಎರಡು ಹೆಸರಿದ್ದರೆ ಮೊದಲನೆಯದು ಬಹಳ ಸಲ ಬರೀ ಅಲಂಕಾರ, ಕರೆಯುತ್ತಿದ್ದುದು ಎರಡನೆಯದರಿಂದ. ಯೋಹಾನ್ ಗೇಯೋರ್ಗ್, ಯೋಹಾನ್ ಪೀಟರ್, ಯೋಹಾನ್ ಆದಾಮ್ ಮೂವರೂ ಒಂದೇ ಮನೆಯ ಮಕ್ಕಳಾಗಿರಬಹುದು. ನಮ್ಮಲ್ಲಿ ವೆಂಕಟರಾಮ, ವೆಂಕಟಸುಬ್ಬ, ವೆಂಕಟರಮಣ ಅಣ್ಣತಮ್ಮಂದಿರಾಗಿದ್ದು, ಹೊರಗಿನವನು ಬಂದು ‘ವೆಂಕಟ ಎಲ್ಲಿ?’ ಎಂದು ಕೇಳಿದ ಹಾಗೆ. ಯೋಹಾನ್ ಗೇಯೋರ್ಗ್‌ನನ್ನು ಇಂಗ್ಲಿಷಿಗೆ ತಂದು ಜಾನ್ ಎಂದು ಹುಡುಕಿದರೆ ಅವನು ಸಿಗುವುದಿಲ್ಲ. ತೆರಿಗೆ ಪಟ್ಟಿಯಲ್ಲಿ ಅವನು ಜಾರ್ಜ್. ಯೋಹಾನೆಸ್ ಎಂದಿದ್ದರೆ ಮಾತ್ರ ಅವನು ನಿಜವಾದ ಜಾನ್.

ತಂದೆ ಮಗನಿಗೆ ಒಂದೇ ಹೆಸರಿರುವುದು ಇನ್ನೊಂದು ತೊಡಕು. ಮೂಲನಿವಾಸಿಗಳ ಜೊತೆಗಿನ ಸಂಧಾನಗಳಲ್ಲಿ ದುಭಾಷಿಯಾಗಿ ಹೆಸರಾದ ಕಾನ್ರಾಡ್ ವೈಸರ್‌ನ ತಂದೆಯ ಹೆಸರೂ ಯೋಹಾನ್ ಕಾನ್ರಾಡ್ ವೈಸರ್. ಇವರಿಬ್ಬರೂ 1710ರಲ್ಲಿ ನ್ಯೂಯಾರ್ಕಿಗೆ ಬಂದವರು. ಮಗ 1729ರಲ್ಲಿ ಪೆನ್ಸಿಲ್ವೇನಿಯಾದ ಟಲ್ಪಹಾಕನ್ ಪ್ರದೇಶಕ್ಕೆ ಬಂದದ್ದು ಒಳನಾಡಿನ ದಾರಿಯಲ್ಲೇ. ಫಿಲಡೆಲ್ಫಿಯಾದ ಹಡಗಿನ ಪಟ್ಟಿಯಲ್ಲಿ ಅವನನ್ನು ಹುಡುಕುತ್ತ ಕೂತರೆ ಯಾರೋ ಬೇರೆ ಕಾನ್ರಾಡ್ ಸಿಕ್ಕಾನು.

ಮನೆಹೆಸರೂ ಒಂದೇ ಥರ ಇರುವುದಿಲ್ಲ. ಷ್ನೈಡರ್ ಸ್ನೈಡರ್ ಆಗುತ್ತದೆ, ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆಗುತ್ತದೆ. ಹೆಂಗಸರ ಮನೆಹೆಸರಿನ ಕೊನೆಗೆ ‘ಇನ್’ ಸೇರಿರುತ್ತದೆ: ಮ್ಯುಲ್ಲರಿನ್ ಎಂದರೆ ಮ್ಯುಲ್ಲರ್ ಮನೆಯವಳು, ಬೇರೆ ಮನೆತನವಲ್ಲ.

5. ಈಗ ಹಡಗು

ಫಿಲಡೆಲ್ಫಿಯಾಕ್ಕೆ ಬಂದಿಳಿದ ಪರದೇಶದವರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ನಿಯಮ 1727ರಲ್ಲಿ ಬಂತು. 16 ವರ್ಷ ದಾಟಿದ ಗಂಡಸರು ಮಾತ್ರ ಸಹಿ ಹಾಕಿದರು, ಹೆಂಗಸರು ಮಕ್ಕಳು ಆ ಸಹಿಗಳಲ್ಲಿಲ್ಲ. ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಎಂಬವರು 1934ರಲ್ಲಿ ಈ ಪಟ್ಟಿಗಳನ್ನು ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಒಂದೇ ಹಡಗಿಗೆ ಮೂರು ಪಟ್ಟಿ ಇರಬಹುದು: ಕಪ್ತಾನ ಕೊಟ್ಟದ್ದು ಒಂದು, ಪ್ರಮಾಣದ ಸಹಿಗಳದ್ದು ಎರಡು. ಕಪ್ತಾನನ ಪಟ್ಟಿಯಲ್ಲಿ ಹೆಸರು ಇಂಗ್ಲಿಷ್ ಕಿವಿಗೆ ಬಿದ್ದಂತೆ ಇರುತ್ತದೆ. ಸಹಿಯ ಪಟ್ಟಿಯನ್ನೇ ನಂಬಿ.

ಎರಡನೆಯ ಸಂಪುಟದಲ್ಲಿ ಸಹಿಗಳ ಪಡಿಯಚ್ಚೇ ಇದೆ. ನಿಮ್ಮವನ ಉಯಿಲಿನ ಮೂಲ ಪ್ರತಿ ತರಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲ ಅಕ್ಷರದ ಕೊಂಡಿ, ಕೊನೆಯ ಅಕ್ಷರದ ಬಾಲ ಹೊಂದುತ್ತವೆಯೇ? ಮುದುಕನ ಕೈ ನಡುಗಿದ್ದರೂ ಅಕ್ಷರ ತಿರುಗಿಸುವ ರೀತಿ ಸುಲಭವಾಗಿ ಬದಲಾಗುವುದಿಲ್ಲ. ಉಯಿಲು ದಾಖಲಿಸಿದ ಕೋರ್ಟಿನ ಪುಸ್ತಕದಲ್ಲಿರುವುದು ಗುಮಾಸ್ತನ ಕೈಬರಹ, ಅದನ್ನಿಟ್ಟುಕೊಂಡು ಹೋಲಿಸಬೇಡಿ. ನಿಮ್ಮವನು ಸಹಿ ಬಾರದೆ ಬರೀ ಗುರುತು ಹಾಕಿದ್ದರೆ, ಅದೇ ಪಟ್ಟಿಯಲ್ಲಿ ಅವನ ಮಕ್ಕಳ ದೀಕ್ಷೆಗೆ ಸಾಕ್ಷಿ ನಿಂತವರ ಹೆಸರಿದೆಯೇ ನೋಡಿ. ಇಬ್ಬರು ಮೂವರು ಸಿಕ್ಕರೆ ನಂಬಬಹುದು. ಹೆಸರೊಂದೇ ಹೊಂದಿದರೆ ಸಾಲದು.

6. ಜರ್ಮನಿಯ ಕಡೆ

ಪಟ್ಟಿಯಲ್ಲಿ ‘ಪ್ಯಾಲಟೈನ್’ ಎಂದಿದ್ದ ಮಾತ್ರಕ್ಕೆ ಅವನು ಪ್ಫಾಲ್ಟ್ಸ್ ಪ್ರಾಂತ್ಯದವನೇ ಎಂದೇನಿಲ್ಲ. ಇಂಗ್ಲಿಷರು ಜರ್ಮನರನ್ನೆಲ್ಲ ಹಾಗೇ ಕರೆದರು. ವುರ್ಟೆಂಬರ್ಗ್, ಹೆಸ್ಸೆ, ಸ್ವಿಟ್ಜರ್ಲೆಂಡಿನವನೂ ಆಗಿರಬಹುದು. ಮೊದಲು ಆ್ಯನೆಟ್ ಬರ್ಗರ್ಟ್ ವಲಸಿಗರ ಹುಟ್ಟೂರುಗಳ ಬಗ್ಗೆ ಬರೆದ ಪುಸ್ತಕಗಳನ್ನು ನೋಡಿ, ನ್ಯೂಯಾರ್ಕಿನ 1710ರ ತಂಡಕ್ಕೆ ಹೆನ್ರಿ ಜೋನ್ಸ್ ಅವರದು. ಊರು ಗೊತ್ತಾದ ಮೇಲೆ ಪ್ರಾಟೆಸ್ಟೆಂಟ್ ಪುಸ್ತಕಗಳಿಗೆ ಆರ್ಕಿಯಾನ್ ಜಾಲತಾಣವಿದೆ, ಅದಕ್ಕೆ ದುಡ್ಡು ಕಟ್ಟಬೇಕು; ಫ್ಯಾಮಿಲಿಸರ್ಚ್ ಜಾಲತಾಣ ಪುಕ್ಕಟೆ. ಹಳೆಯ ಜರ್ಮನ್ ಕೈಬರಹದ ಕುರೆಂಟ್ ಲಿಪಿ ಕಲಿಯದೆ ಹೋಗಬೇಡಿ. 1752ರ ಮೊದಲಿನ ತಾರೀಕುಗಳಲ್ಲಿ 11 ದಿನದ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಬ್ರಿಟಿಷರು ಹೊಸ ಪಂಚಾಂಗಕ್ಕೆ ಬಂದದ್ದು ಆ ವರ್ಷ.

ಕೊನೆಯದಾಗಿ, ಅಲ್ಲಿ ಹುಟ್ಟಿದ ಮಗು ಸಿಕ್ಕಿದೊಡನೆ ಅದೇ ಚರ್ಚಿನ ಸಾವಿನ ಪುಸ್ತಕವನ್ನೂ ತಿರುವಿ. ನೀವು ಹಿಡಿದ ಗೇಯೋರ್ಗ್ ಮೂರನೇ ವರ್ಷಕ್ಕೇ ತೀರಿಹೋಗಿದ್ದರೆ ಅಮೆರಿಕಕ್ಕೆ ಬಂದವನು ಅವನಲ್ಲ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅವರಲ್ಲಿ ಸಾಮಾನ್ಯವಾಗಿತ್ತು, ಆದ್ದರಿಂದ ಅದೇ ಪುಸ್ತಕದ ಮುಂದಿನ ಪುಟಗಳನ್ನೂ ಬಿಡಬೇಡಿ.