ಕಾಯಕದ ಹಣ, ಆಸೆಯ ಹಣ

12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯದ ಅಳತೆಗೆ ಮೀರಿ ಅಕ್ಕಿ ಬರಲು, ಸತಿ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾದುದು. ಇದರಿಂದ, ಹಣ ಕೂಡಿಡುವುದೇ ಶರಣಧರ್ಮಕ್ಕೆ ವಿರೋಧವೆಂದು ಕೆಲವರು ಭಾವಿಸುವುದುಂಟು. ಲಕ್ಕಮ್ಮನ ಆಕ್ಷೇಪಣೆ ಅಕ್ಕಿಯ ಮೇಲಲ್ಲ, ಅದನ್ನು ತರಿಸಿದ ಆಸೆಯ ಮೇಲೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿಯ ಬಾಳನ್ನು ನೋಡಿದರೆ ಈ ಭೇದವು ಸ್ಪಷ್ಟವಾಗುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳ ಗಂಜಿಗೆಂದು ಗಂಗೊಳ್ಳಿಯ ಮೀನುಗಾರನು ಬೇಸಗೆಯಲ್ಲಿಯೇ ನಾಲ್ಕು ಕಾಸು ತೆಗೆದಿಟ್ಟರೆ ಅದು ಲೋಭವೆನಿಸದು. ಕೂಲಿಕಾರರೂ ಹೀಗೆ ಕೂಡಿಡಲೆಂದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟನ್ನೂ ಮನೆಬಾಗಿಲಲ್ಲಿಯೇ ಸಂಗ್ರಹಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಆದರೆ ವರ್ಷಗಟ್ಟಲೆ ಹನಿಹನಿಯಾಗಿ ಕೂಡಿಸಿದುದು ನೆರೆಮನೆಯ ಮದುವೆಯ ಚಪ್ಪರಕ್ಕಿಂತ ದೊಡ್ಡ ಚಪ್ಪರವನ್ನು ಹಾಕಿಸುವುದರಲ್ಲಿ ಒಂದೇ ದಿನ ಕರಗಿ, ಮೇಲೆ ಸಾಲವೂ ಉಳಿಯುವುದುಂಟು. ದುಡಿದುದು ಕಾಯಕದಿಂದಲೇ, ನಿಜ. ವೆಚ್ಚವಾದುದು ಮಾತ್ರ ಪರರ ಕಣ್ಣಿಗಾಗಿ. ಲಕ್ಕಮ್ಮನು ಇದ್ದಿದ್ದರೆ ಕೇಳುತ್ತಿದ್ದುದು ಇದನ್ನೇ.

ಗೃಹಸ್ಥನು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕವನ್ನು ಮಡದಿಯೊಡನೆ ಕುಳಿತು ತೆರೆಯಲಿ. ಮಳೆಗಾಲಕ್ಕೆಂದು ಇಟ್ಟುದೆಷ್ಟು, ತೋರಿಕೆಗೆ ಹೋದುದೆಷ್ಟು ಎಂಬುದನ್ನು ಇಬ್ಬರೂ ನೋಡಲಿ. ದಾಸೋಹದ ಪಾಲು ಮೊದಲೇ ತೆಗೆದಿಟ್ಟುದೋ, ಎಲ್ಲ ಖರ್ಚು ಮುಗಿದ ಮೇಲೆ ಮಿಕ್ಕುದೋ ಎಂಬುದೂ ಆ ಪುಟಗಳಲ್ಲಿಯೇ ತಿಳಿಯುವುದು.